ತಳವಾಸಿ ಮೀನುಗಳ ಆಯ್ಕೆ: ಮೊದಲು ನೀರು, ಆಮೇಲೆ ಮೀನು

ಹಲವು ಜಾತಿಯ ಮೀನುಗಳನ್ನು ಒಟ್ಟಿಗೆ ಸಾಕುವ ತೊಟ್ಟಿಯನ್ನು ಹವ್ಯಾಸಿಗಳು ಕಮ್ಯೂನಿಟಿ ಟ್ಯಾಂಕ್ ಎನ್ನುತ್ತಾರೆ. ಇಂಥ ತೊಟ್ಟಿಯ ಮೇಲ್ಪದರಕ್ಕೆ ಗಪ್ಪಿಯನ್ನೂ ನಡುನೀರಿಗೆ ಟೆಟ್ರಾವನ್ನೂ ವಿಚಾರಿಸಿ ಕೊಳ್ಳುವವರು, ತಳಕ್ಕೆ ಮಾತ್ರ ‘ಕಸ ತಿನ್ನುವ ಮೀನು ಒಂದಿರಲಿ’ ಎಂದು ಅಂಗಡಿಯವರು ಕೊಟ್ಟದ್ದನ್ನೇ ತರುತ್ತಾರೆ. ತಳವಾಸಿ ಮೀನುಗಳು ಬೇರೆ ಮೀನಿನ ಹಿಕ್ಕೆಯನ್ನು ತಿಂದು ತೊಟ್ಟಿಯನ್ನು ಶುಚಿಗೊಳಿಸುವುದಿಲ್ಲ, ಮೇಲಿನಿಂದ ಉದುರಿದ ಚೂರುಗಳಷ್ಟರಿಂದಲೇ ಅವುಗಳ ಹೊಟ್ಟೆಯೂ ತುಂಬುವುದಿಲ್ಲ. ದೀಪ ಆರಿಸುವ ಹೊತ್ತಿಗೆ ಅವುಗಳಿಗೆಂದೇ ಮುಳುಗುವ ಗುಳಿಗೆಯನ್ನು ಹಾಕಬೇಕಾಗುತ್ತದೆ.

ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ಈ ಆಯ್ಕೆ ನಲ್ಲಿಯಿಂದಲೇ ಶುರುವಾಗಬೇಕು. ಹೊರವಲಯದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತಾದರೂ, ಅನೇಕ ವಸತಿ ಸಮುಚ್ಚಯಗಳು ಇಂದಿಗೂ ಬೋರ್‌ವೆಲ್ಲನ್ನೂ ಟ್ಯಾಂಕರನ್ನೂ ನೆಚ್ಚಿಕೊಂಡಿವೆ. ಬೋರ್‌ವೆಲ್ ನೀರು ಗಡಸು, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚು. ಇದನ್ನು ಮೆದುಗೊಳಿಸಲು ಸಮುಚ್ಚಯಗಳಲ್ಲಿ ಕೂರಿಸುವ ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಮ್ಮನ್ನು ತೆಗೆದು ಅದರ ಜಾಗಕ್ಕೆ ಸೋಡಿಯಮ್ಮನ್ನು ತುಂಬುವುದರಿಂದ ಬಕೆಟ್ಟಿನ ಬಿಳಿ ಕಲೆ ಮಾಯವಾಗುತ್ತದೆಯೇ ಹೊರತು ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರಿನ ಅಂಕಿ ಹೆಚ್ಚೇನೂ ಇಳಿಯುವುದಿಲ್ಲ, ಅಮೆಜಾನ್ ಕಾಡಿನ ಮೆದುನೀರಿಗೆ ಒಗ್ಗಿದ ಮೀನಿಗೆ ಅದರಿಂದ ಪ್ರಯೋಜನವೂ ಇಲ್ಲ. ಬೋರ್‌ವೆಲ್ ನೀರಿಗೆ ಲವಣಗಳನ್ನು ಸೋಸಿ ತೆಗೆದ ಆರ್‌ಒ ನೀರನ್ನು ಬೆರೆಸುವುದು, ಇಲ್ಲವೇ ಗಡಸು ನೀರನ್ನು ತಾಳಿಕೊಳ್ಳುವ ಮೀನನ್ನೇ ಆರಿಸುವುದು ಸರಿಯಾದ ದಾರಿ. ಕಾವೇರಿ ನೀರಿಗೆ ಕ್ಲೋರಿನ್ ನಿವಾರಕ ಹನಿಗಳು ಬೇಕೇ ಬೇಕು. ಪೀಣ್ಯದ ಅಂತರ್ಜಲದಲ್ಲಿ ಕೈಗಾರಿಕಾ ಮೂಲದ ಕ್ರೋಮಿಯಂ ಪತ್ತೆಯಾಗಿರುವುದರಿಂದ ಅಲ್ಲಿನ ಬೋರ್‌ವೆಲ್ ನೀರನ್ನು ತೊಟ್ಟಿಗೆ ಬಳಸದಿರುವುದೇ ಲೇಸು.

ನೀರಿನ ನಂತರ ಮರಳು. ಕಟ್ಟಡ ಕೆಲಸ ಎಂದೂ ನಿಲ್ಲದ ಈ ಪ್ರದೇಶಗಳಲ್ಲಿ ಸುಲಭವಾಗಿ ಸಿಗುವ ಎಂ-ಸ್ಯಾಂಡ್, ಗ್ರಾನೈಟನ್ನು ಜಜ್ಜಿ ಮಾಡಿದ್ದಾದ್ದರಿಂದ, ಅದರ ಕಣಗಳ ಅಂಚು ಚೂಪಾಗಿರುತ್ತದೆ. ತಳದ ಮೀನುಗಳು ರುಚಿಯನ್ನೂ ಆಹಾರವನ್ನೂ ಗುರುತಿಸುವುದು ಬಾಯಿಯ ಸುತ್ತಲಿನ ಮೀಸೆಗಳಿಂದ. ಚೂಪು ಮರಳನ್ನು ಕೆದಕುತ್ತ ಆ ಮೀಸೆಗಳು ಸವೆದು, ಸೋಂಕು ತಗುಲಿ, ಕೊನೆಗೆ ಉದುರಿಹೋಗುತ್ತವೆ. ಉರುಟು ಕಣದ, ಚೆನ್ನಾಗಿ ತೊಳೆದ ನದಿ ಮರಳು ಎರಡು ಅಂಗುಲದಷ್ಟಿದ್ದರೆ ಸಾಕು.

ಇಷ್ಟು ಸಿದ್ಧವಾದ ತೊಟ್ಟಿಗೆ ಮೊದಲ ಆಯ್ಕೆಯಾಗಬೇಕಾದದ್ದು ಕೋರಿಡೋರಾಸ್, ಹವ್ಯಾಸಿಗಳ ಮಾತಿನಲ್ಲಿ ಕೋರಿ. ದಕ್ಷಿಣ ಅಮೆರಿಕದ ಈ ಪುಟ್ಟ ಮೀನುಗಳ ಮೈಗೆ ಸಾಧಾರಣ ಹುರುಪೆಗಳ ಬದಲು ಎರಡು ಸಾಲು ಎಲುಬಿನ ಫಲಕಗಳಿರುತ್ತವೆ. ಆಗಾಗ ಮೇಲಕ್ಕೆ ನುಗ್ಗಿ ಗಾಳಿಯನ್ನು ನುಂಗುವುದು ಇವುಗಳ ಸಹಜ ಅಭ್ಯಾಸ, ಏಕೆಂದರೆ ಇವುಗಳ ಕರುಳೂ ಆಮ್ಲಜನಕವನ್ನು ಹೀರಬಲ್ಲದು. ಬೀಗಲ್ ಯಾನದಲ್ಲಿ ಡಾರ್ವಿನ್ ಸಂಗ್ರಹಿಸಿ ತಂದ ಮಾದರಿಯನ್ನು ಆಧರಿಸಿ 1842ರಲ್ಲಿ ಪ್ರಕೃತಿ ವಿಜ್ಞಾನಿ ಜೆನಿನ್ಸ್ ವಿವರಿಸಿದ ಪೆಪ್ಪರ್ಡ್ ಕೋರಿ ಇವುಗಳಲ್ಲಿ ಬೆಂಗಳೂರಿನ ಚಳಿಗಾಲಕ್ಕೆ ಹೇಳಿಮಾಡಿಸಿದ್ದು. ತಂಪು ನಾಡಿನ ಈ ಮೀನಿಗೆ 20 ಡಿಗ್ರಿಯ ನೀರಿನಲ್ಲೂ ಹೀಟರ್ ಬೇಡ. ಏಪ್ರಿಲ್ ಬಿಸಿಲಿಗೆ ಕಾಯುವ ಮೇಲ್ಮಹಡಿಯ ಮನೆಗಳಿಗಾದರೆ ಬ್ರಾಂಜ್ ಕೋರಿ ಅಥವಾ ಸ್ಟರ್ಬಾಯ್ ಕೋರಿ ಹೆಚ್ಚು ಹೊಂದುತ್ತದೆ. ಪೆಪ್ಪರ್ಡ್ ಮತ್ತು ಬ್ರಾಂಜ್ ಎರಡೂ ಸಾಕಣೆ ಕೇಂದ್ರಗಳಲ್ಲಿ ತಲೆಮಾರುಗಳಿಂದ ಮರಿಯಾದವು, ಸ್ವಲ್ಪ ಗಡಸು ನೀರನ್ನು ಸಹಿಸುತ್ತವೆ. ಒಂದೇ ಜಾತಿಯ ಆರಾದರೂ ಇರಬೇಕು. ಒಂಟಿ ಕೋರಿ ಮೂಲೆ ಸೇರಿ ಅಡಗುತ್ತದೆ, ಅದನ್ನು ಹಾಗೆ ಇಡುವುದು ತಪ್ಪು.

ಕರ್ನಾಟಕದ್ದೇ ಆದ ತಳವಾಸಿಯೊಂದನ್ನು ಇಲ್ಲಿನ ಹವ್ಯಾಸಿಗಳು ವಿಶೇಷವಾಗಿ ಬಲ್ಲವರಾಗಿರಬೇಕು. ಜೀಬ್ರಾ ಲೋಚ್ ಎಂದು ಜಗತ್ತಿನಾದ್ಯಂತ ಮಾರಾಟವಾಗುವ, ಮೈತುಂಬ ತೆಳು ಪಟ್ಟೆಗಳಿರುವ, ಸುಮಾರು 8 ಸೆಂ.ಮೀ. ಬೆಳೆಯುವ ಬೋಟಿಯಾ ಸ್ಟ್ರಯಾಟಾ ಎಂಬ ಮೀನನ್ನು ಶಿವಮೊಗ್ಗ ಜಿಲ್ಲೆಯ ತುಂಗಾ ನದಿಯ ಮಾದರಿಗಳಿಂದ 1920ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್; 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಗುಂಪಿನಲ್ಲಿ ಚುರುಕಾಗಿ ಬದುಕುವ, ಗಿಡಗಳೊಂದಿಗೆ ಬಂದು ಸೇರುವ ಪುಟ್ಟ ಬಸವನಹುಳುಗಳನ್ನು ತಿನ್ನುವ ಈ ಮೀನು ತೊಟ್ಟಿಗೆ ಎಷ್ಟು ಚೆಲುವಾಗಿ ಒಪ್ಪಿದರೂ, ಪಶ್ಚಿಮ ಘಟ್ಟಕ್ಕಷ್ಟೇ ಸೀಮಿತವಾದ ಇದನ್ನು ಅಂತರರಾಷ್ಟ್ರೀಯ ಕೆಂಪು ಪಟ್ಟಿ ಅಳಿವಿನ ಅಪಾಯದಲ್ಲಿರುವ ಜೀವಿಯೆಂದು ಗುರುತಿಸಿದೆ. ಹೊಳೆಯಿಂದ ಹಿಡಿದದ್ದಲ್ಲ, ಸಾಕಿ ಮರಿ ಮಾಡಿಸಿದ್ದು ಎಂಬುದು ಖಚಿತವಾಗದಿದ್ದರೆ ಇದನ್ನು ಕೊಳ್ಳಬಾರದು.

ಬೇಡವೆನ್ನಬೇಕಾದವುಗಳಲ್ಲಿ ಕ್ಲೌನ್ ಲೋಚ್ ಅಡಿಯುದ್ದ ಬೆಳೆಯುತ್ತದೆ, ಕೆಂಪು ಬಾಲದ ಶಾರ್ಕ್ ತನ್ನ ಎಲ್ಲೆಯೊಳಗೆ ಬಂದವರನ್ನೆಲ್ಲ ಅಟ್ಟಾಡಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಸಮಸ್ಯೆಯೆಂದರೆ ಎರಡಂಗುಲದ ಮರಿಯಾಗಿ ಅಗ್ಗಕ್ಕೆ ಸಿಗುವ ಸಕ್ಕರ್ ಮೀನು. ಒಂದಡಿಗೂ ಮೀರಿ ಬೆಳೆದು ತೊಟ್ಟಿಯಲ್ಲಿ ಹಿಡಿಸದಾದಾಗ ಇದನ್ನು ಕೆರೆಗೆ ಬಿಡುವವರಿದ್ದಾರೆ. ಹೊಟ್ಟೆಯಿಂದಲೂ ಗಾಳಿಯನ್ನು ಉಸಿರಾಡಬಲ್ಲ ಇದು ಆಮ್ಲಜನಕ ಕಡಿಮೆಯಿರುವ ಕೊಳಕು ನೀರಿನಲ್ಲೂ ಬದುಕಿ, ದಡವನ್ನು ಕೊರೆದು ಮೊಟ್ಟೆಯಿಟ್ಟು ಹಬ್ಬುತ್ತದೆ. ಪಾಚಿ ತಿನ್ನುವ ಮೀನೇ ಬೇಕೆನ್ನುವವರಿಗೆ ಅಂಗೈಗಿಂತ ಹೆಚ್ಚು ಬೆಳೆಯದ ಬ್ರಿಸಲ್‌ನೋಸ್ ಇದೆ. ಬೆಳ್ಳಂದೂರು ಕೆರೆಯ ನೀರು ವರ್ತೂರು ಕೆರೆಗೆ ಇಳಿದು ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಯನ್ನು ಸೇರುವುದರಿಂದ ಒಂದು ಕೆರೆಗೆ ಬಿಟ್ಟ ಮೀನು ಅಲ್ಲಿಯೇ ಉಳಿಯುವುದಿಲ್ಲ. ಸಾಕಲಾಗದ ಸಕ್ಕರನ್ನು ಅಂಗಡಿಗೆ ಹಿಂದಿರುಗಿಸಿರಿ, ಇಲ್ಲವೇ ದೊಡ್ಡ ತೊಟ್ಟಿಯುಳ್ಳವರಿಗೆ ಒಪ್ಪಿಸಿರಿ. ಕೆರೆಗೆ ಮಾತ್ರ ಬಿಡದಿರಿ.