45 ನಿಮಿಷದ ಯೋಗವೂ ಮೇಲೇರುವ ಜಠರವೂ

ಜೂನ್ 21 ಬಂತೆಂದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲ ಕಡೆಯ ಮೈದಾನಗಳಲ್ಲೂ ಒಂದೇ ಪಾಠ. ಅಂತರರಾಷ್ಟ್ರೀಯ ಯೋಗ ದಿನಕ್ಕೆಂದು ಆಯುಷ್ ಸಚಿವಾಲಯ ಸಿದ್ಧಪಡಿಸಿದ ‘ಕಾಮನ್ ಯೋಗ ಪ್ರೊಟೊಕಾಲ್’ ಎಂಬ ಕಿರುಹೊತ್ತಗೆಯ 45 ನಿಮಿಷದ ಪಾಠ ಅದು. ಯೋಗ ದಿನ ಕಳೆದ ಮೇಲೂ ಪಾರ್ಕು, ಕಲ್ಯಾಣ ಮಂಟಪಗಳ ಬೆಳಗಿನ ತರಗತಿಗಳಲ್ಲಿ ಹೆಚ್ಚು ಕಡಿಮೆ ಅದೇ ಪಟ್ಟಿ ಓಡುತ್ತದೆ. ಚಿಕ್ಕಬಳ್ಳಾಪುರದ ಪಕ್ಕದಲ್ಲಿ 2023ರ ಜನವರಿಯಲ್ಲಿ 112 ಅಡಿಯ ಆದಿಯೋಗಿ ಎದ್ದು ನಿಂತ ಮೇಲಂತೂ ಯೋಗ ಬೇಕೇ ಬೇಡವೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಯಾರಿಗೆ ಯಾವುದು, ಎಷ್ಟು ಎಂದೂ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಈ ಹೊತ್ತಗೆಯನ್ನು ನಾನು ಒಂದು ಬಗೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದೆ. ವರ್ಷಗಟ್ಟಲೆ ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ, ಕೊನೆಗೆ ಎಂಡೋಸ್ಕೋಪಿ ಮಾಡಿಸಿ, ರಿಪೋರ್ಟಿನಲ್ಲಿ ‘ಹಯಾಟಸ್ ಹರ್ನಿಯಾ’ ಎಂದು ಬರೆಸಿಕೊಂಡು ಬಂದವರು. ತೂಕ ಇಳಿಸಿ, ವ್ಯಾಯಾಮ ಮಾಡಿ ಎಂದು ಡಾಕ್ಟರು ಹೇಳಿರುತ್ತಾರೆ. ಯಾವ ವ್ಯಾಯಾಮ ಎಂದು ಹೇಳುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ. ಮಾರನೆಯ ದಿನ ಇವರು ಚಾಪೆ ಸುತ್ತಿಕೊಂಡು ಪಾರ್ಕಿಗೆ ಹೋಗುತ್ತಾರೆ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅದರಲ್ಲಿರುವ ಒಂದು ಕಿಂಡಿಯಿಂದ ಅನ್ನನಾಳ ಇಳಿದು ಜಠರವನ್ನು ಸೇರುತ್ತದೆ. ಕಿಂಡಿಯ ಸುತ್ತಲಿನ ವಪೆಯ ಎಳೆಗಳು ಚೀಲದ ಬಾಯಿಯ ಲಾಡಿಯ ಹಾಗೆ ಬಿಗಿ ಹಿಡಿದು, ಕೆಳಗಿನ ಹುಳಿ ಮೇಲೇರದಂತೆ ನೋಡಿಕೊಳ್ಳುತ್ತವೆ. ವಯಸ್ಸು, ಬೊಜ್ಜು, ಹೆರಿಗೆ, ವರ್ಷಾನುಗಟ್ಟಲೆಯ ಕೆಮ್ಮು, ಮಲಬದ್ಧತೆಯ ತಿಣುಕಾಟ ಇವುಗಳಿಂದ ಹಿಡಿತ ಸಡಿಲವಾದರೆ ಜಠರದ ಮೇಲ್ತುದಿ ಎದೆಗೂಡಿನೊಳಕ್ಕೆ ಜಾರುತ್ತದೆ. ಸುಮಾರು 95% ಪ್ರಕರಣಗಳು ಹೀಗೆ ಜಾರಿ ಮತ್ತೆ ಇಳಿಯುವ ಬಗೆಯವು. ಸಣ್ಣದಾಗಿದ್ದರೆ ಎಷ್ಟೋ ಜನರಿಗೆ ತೊಂದರೆಯೇ ಕಾಣುವುದಿಲ್ಲ. ಕಂಡವರಿಗೆ ಎದೆಯುರಿ, ಹುಳಿತೇಗು, ಬಗ್ಗಿದರೆ ಬಾಯಿಗೆ ಬರುವ ಕಹಿನೀರು. ಹೊಟ್ಟೆಯೊಳಗಿನ ಒತ್ತಡ ಏರಿದಾಗ, ತಲೆ ಹೊಟ್ಟೆಗಿಂತ ಕೆಳಗಾದಾಗ, ಜಠರ ತುಂಬಿದ್ದಾಗ ಇದೆಲ್ಲ ಹೆಚ್ಚುತ್ತದೆ. ಆದ್ದರಿಂದ ಯಾವ ವ್ಯಾಯಾಮವನ್ನೇ ಆಗಲಿ ಅಳೆಯಬೇಕಾದ್ದು ಈ ಮೂರರಿಂದ, ಆಸನದ ಹೆಸರಿನಿಂದಲ್ಲ.

ಹೊತ್ತಗೆಗೆ ಮೊದಲು ನ್ಯಾಯ ಸಲ್ಲಿಸೋಣ. ಖಾಲಿ ಹೊಟ್ಟೆಯಲ್ಲಿ ಅಥವಾ ಹೊಟ್ಟೆ ಹಗುರವಾಗಿದ್ದಾಗ ಮಾಡಿ, ಉಸಿರು ಬಿಗಿಹಿಡಿಯಬೇಡಿ ಎಂದು ಆರಂಭದಲ್ಲೇ ಹೇಳುತ್ತದೆ. ಭುಜಂಗಾಸನ, ಶಲಭಾಸನ, ಸೇತುಬಂಧಾಸನ, ಕಪಾಲಭಾತಿಗಳಲ್ಲಿ ಹರ್ನಿಯಾ ಇರುವವರು ಮಾಡಬಾರದು ಎಂದು ಎಚ್ಚರಿಕೆಯನ್ನೂ ಕೊಡುತ್ತದೆ. ಸರ್ಕಾರಿ ಪ್ರಕಟಣೆಯೊಂದು ಇಷ್ಟು ಜಾಗರೂಕವಾಗಿರುವುದು ಅಪರೂಪ. ಆದರೆ ಹರ್ನಿಯಾ ಎಂದರೆ ನಮ್ಮಲ್ಲಿ ತೊಡೆಸಂದಿನದೋ ಹೊಕ್ಕುಳಿನದೋ ಎಂದೇ ಲೆಕ್ಕ. ಹೊರಗೆ ಉಬ್ಬು ಕಾಣಬೇಕು. ಎದೆಯುರಿಯ ಮನುಷ್ಯ ಆ ಸಾಲು ತನಗೆಂದು ಯಾಕೆ ತಿಳಿದಾನು? ಇನ್ನು ಮೈದಾನದಲ್ಲಿ ಮೈಕಿನಿಂದ ಬರುವುದು ಎಣಿಕೆ ಮಾತ್ರ. ಎಚ್ಚರಿಕೆಯ ಸಾಲುಗಳು ಪುಸ್ತಕದಲ್ಲೇ ಉಳಿಯುತ್ತವೆ.

ಒಂದು ತರಗತಿಯಲ್ಲಿ ಪವನಮುಕ್ತಾಸನ ನಡೆಯುತ್ತಿತ್ತು. ಮಂಡಿಗಳನ್ನು ಅಪ್ಪಿ ಹೊಟ್ಟೆಗೆ ಒತ್ತಿಕೊಂಡಿದ್ದ ಮಧ್ಯವಯಸ್ಸಿನ ಹೆಂಗಸೊಬ್ಬರು ಧಡಕ್ಕನೆ ಎದ್ದು ಕೂತು ಸೆರಗಿನಿಂದ ಬಾಯಿ ಒತ್ತಿಕೊಂಡರು. ಮೈಕಿನಿಂದ ಮಾತು ಬಂತು: “ಯಾಕಮ್ಮಾ ಎದ್ಬಿಟ್ರಿ? ಇನ್ನೊಂದ್ಸಲ ಚೆನ್ನಾಗಿ ಒತ್ಕೊಳ್ಳಿ, ಗ್ಯಾಸೆಲ್ಲಾ ಹೋಗ್ತದೆ.” ಆಕೆ ಮತ್ತೆ ಮಲಗಿದರು. ‘ಗ್ಯಾಸ್ಟ್ರಿಕ್’ ಎಂದವರಿಗೆಲ್ಲ ಮೊದಲು ಕೈಗೆ ಕೊಡುವುದು ಇದೇ ಆಸನವನ್ನು. ಮಲಗಿ, ಹೊಟ್ಟೆಯನ್ನು ತೊಡೆಗಳಿಂದ ಹಿಂಡುವ ಈ ಭಂಗಿ ಸಡಿಲ ಕಿಂಡಿಯವರಿಗೆ ತೀರಾ ಪ್ರತಿಕೂಲವಾದದ್ದು. ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ ಏನನ್ನೂ ಪ್ರಶ್ನಿಸದೆ ಒಪ್ಪಬೇಡಿ ಎನ್ನುತ್ತಿದ್ದ ಎಚ್. ನರಸಿಂಹಯ್ಯನವರ ಸೀಮೆಯಲ್ಲೂ ಮೈಕಿಗೆ ಎದುರಾಡುವವರಿಲ್ಲ.

ಹಾಗಾದರೆ ಪಟ್ಟಿಯಲ್ಲಿ ಉಳಿಯುವುದೇನು? ನಿಂತು ಮಾಡುವ ಆಸನಗಳಲ್ಲಿ ಹೆಚ್ಚಿನವು ಉಳಿಯುತ್ತವೆ: ತಾಡಾಸನ, ವೃಕ್ಷಾಸನ, ಹದವಾಗಿ ಮಾಡಿದರೆ ತ್ರಿಕೋನಾಸನ. ಸೊಂಟದಿಂದ ಪೂರ್ತಿ ಬಗ್ಗುವ ಪಾದಹಸ್ತಾಸನ ಬೇಡ. ಅದೇ ಕಾರಣಕ್ಕೆ ಸೂರ್ಯನಮಸ್ಕಾರದ ಸುತ್ತುಗಳೂ ಬೇಡ. ಕೂತು ಮಾಡುವುದರಲ್ಲಿ ವಜ್ರಾಸನ ನಿರಪಾಯ, ಅಲ್ಲಿಂದ ಮುಂದಕ್ಕೆ ಬಾಗುವ ಶಶಾಂಕಾಸನ ಅಲ್ಲ. ಅಂಗಾತ ಮಲಗಿ ಎರಡೂ ಕಾಲು ಎತ್ತುವ ಉತ್ತಾನಪಾದಾಸನ, ಅರ್ಧ ಹಲಾಸನಗಳನ್ನು ಬಿಡಬೇಕು. ಒಂದು ಸುತ್ತಿಗೆ 20 ಸಲ ಹೊಟ್ಟೆಯನ್ನು ಒಳಕ್ಕೆ ಜಗ್ಗುವ ಕಪಾಲಭಾತಿಯನ್ನು ಎರಡನೆಯ ಯೋಚನೆಯಿಲ್ಲದೆ ಬಿಡಬೇಕು. ಶವಾಸನಕ್ಕೆ ತಲೆ, ಎದೆ ಎತ್ತರವಾಗುವಂತೆ ಆಸರೆ ಕೊಡಬಹುದು, ಇಲ್ಲವೇ ಎಡ ಮಗ್ಗುಲಿಗೆ ಹೊರಳಬಹುದು.

ಹೊತ್ತಗೆಯ ನಿಜವಾದ ಬೆಲೆ ಅದರ ಕೊನೆಯ ಪುಟಗಳಲ್ಲಿದೆ, ನಾಡಿಶೋಧನ ಮತ್ತು ಭ್ರಾಮರಿಯ ನಿಧಾನ ಉಸಿರಾಟದಲ್ಲಿ. ದುರದೃಷ್ಟಕ್ಕೆ ಅಷ್ಟು ಹೊತ್ತಿಗೆ ಅರ್ಧ ಜನ ಚಾಪೆ ಸುತ್ತಿರುತ್ತಾರೆ. ವಪೆಯೂ ಸ್ನಾಯುವೇ, ಹೊಟ್ಟೆ ಉಬ್ಬಿಸಿ ನಿಧಾನವಾಗಿ ಉಸಿರೆಳೆಯುವ ಅಭ್ಯಾಸ ಅದನ್ನು ಪಳಗಿಸುತ್ತದೆ. ಆಸ್ಟ್ರಿಯಾದ ಗ್ರಾಟ್ಸ್‌ನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಳಿ ಮೇಲೇರುವ ತೊಂದರೆಯ 19 ಮಂದಿ ಇದ್ದರು. ಇಂಥ ಉಸಿರಾಟ ಕಲಿತವರಲ್ಲಿ ನಾಲ್ಕು ವಾರಕ್ಕೆ ಅನ್ನನಾಳಕ್ಕೆ ಏರುವ ಆಮ್ಲ ಕಡಿಮೆಯಾಗಿತ್ತು. ಬಿಡದೆ ಮಾಡಿದವರು ಒಂಬತ್ತು ತಿಂಗಳ ಹೊತ್ತಿಗೆ ಮಾತ್ರೆಯನ್ನೂ ತಗ್ಗಿಸಿದ್ದರು. 19 ಮಂದಿಯನ್ನು ನಂಬಿ ಡಂಗುರ ಹೊಡೆಯುವಂತಿಲ್ಲ. ಜಾರಿದ ಜಠರ ಇದರಿಂದ ಶಾಶ್ವತವಾಗಿ ಸ್ವಸ್ಥಾನಕ್ಕೆ ಮರಳುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಹೊಟ್ಟೆ ನೀವಿ ‘ಬಟ್ಟಿ’ ತೆಗೆಯುವವರ ಭರವಸೆಗೂ ಇದೇ ಮಾತು. ತುಂಬಿದ ಹೊಟ್ಟೆಯನ್ನು ಅಮುಕಿಸಿಕೊಂಡರೆ ಉರಿ ಏರುವುದೊಂದೇ ಲಾಭ.

ತರಗತಿಗೆ ಹೋಗದವರಿಗೆ ನಡಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ. ನಂದಿಬೆಟ್ಟದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನೂ ನಿಧಾನವಾಗಿ ಹತ್ತಬಹುದು. ಹತ್ತುವ ಮೊದಲು ಮಸಾಲೆ ದೋಸೆ, ಫಿಲ್ಟರ್ ಕಾಫಿ ಇಳಿಸುವುದು ಮಾತ್ರ ಬೇಡ. ಇನ್ನೊಂದು ಮುಖ್ಯ ಮಾತು: ಹತ್ತುವಾಗ ಎದೆ ಹಿಡಿದು, ನಿಂತರೆ ಬಿಡುವಂತಿದ್ದರೆ ಅದನ್ನು ಗ್ಯಾಸ್ ಎಂದು ತಳ್ಳಿಹಾಕಬಾರದು, ಇಸಿಜಿ ಆಗಲೇಬೇಕು. ಜಿಮ್‌ಗಳ ವಿಚಾರ ಹೆಚ್ಚು ಬೇಡ. ಸೊಂಟಕ್ಕೆ ಬೆಲ್ಟು ಬಿಗಿದು, ಉಸಿರು ಕಟ್ಟಿ ಭಾರ ಎತ್ತುವುದು, ಸಿಟ್‌ಅಪ್, ಕ್ರಂಚಸ್ ಇವು ಈ ತೊಂದರೆಯವರಿಗೆ ಹೇಳಿದ್ದಲ್ಲ. ಉಸಿರು ಬಿಡುತ್ತಾ ಎತ್ತಬಹುದಾದ ಹಗುರ ಡಂಬೆಲ್ ಸಾಕು.

ಈ ಸೀಮೆಯ ಊಟದ ಹೊತ್ತು ಯಾವ ಆಸನಕ್ಕೂ ಬಗ್ಗುವುದಿಲ್ಲ. ಮುದ್ದೆ, ಸೊಪ್ಪಿನ ಸಾರಿನಲ್ಲಿ ದೋಷವಿಲ್ಲ. ರಾತ್ರಿ ಒಂಬತ್ತೂವರೆಗೆ ಎರಡು ಮುದ್ದೆ ನುಂಗಿ ಹತ್ತಕ್ಕೆ ಮಲಗುವುದರಲ್ಲಿದೆ. ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಅಂತರ, ಒಂದು ಮುದ್ದೆ ಕಡಿಮೆ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚಿನ ಇಟ್ಟಿಗೆ: ಇಷ್ಟರಿಂದ ಬೆಳಗಿನ ತರಗತಿಯ ಪ್ರಯೋಜನವೂ ಹೆಚ್ಚುತ್ತದೆ. ತಲೆಗೆ ಎರಡು ದಿಂಬು ಹಾಕಿದರೆ ಕತ್ತು ಮಡಚಿ ಹೊಟ್ಟೆ ಸುಕ್ಕಾಗುವುದಷ್ಟೇ.

ದೇಹಕ್ಕೆ ತಕ್ಕಂತೆ ಆಸನವನ್ನು ತಿದ್ದುವ ಕ್ರಮ ನಮಗೆ ದೂರದ್ದೂ ಅಲ್ಲ. ಚಿಂತಾಮಣಿಗೆ ನೆರೆಯ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಿಷ್ಠ. ದಿಂಬು, ಇಟ್ಟಿಗೆ, ಪಟ್ಟಿ, ಕುರ್ಚಿಗಳನ್ನು ಯೋಗಶಾಲೆಗೆ ತಂದವರು ಅವರು. ಉದ್ದ ದಿಂಬಿನ ಮೇಲೆ ಬೆನ್ನೊರಗಿಸಿ ಮಾಡುವ ಸುಪ್ತ ಬದ್ಧಕೋನಾಸನದಲ್ಲಿ ತಲೆ ಎತ್ತರದಲ್ಲಿರುತ್ತದೆ, ಎದೆ ತೆರೆದಿರುತ್ತದೆ, ಹೊಟ್ಟೆಯ ಮೇಲೆ ಒತ್ತಡವಿಲ್ಲ. ಮೈದಾನದ ಯೋಗಕ್ಕೆ ಇಷ್ಟು ವ್ಯವಧಾನವಿಲ್ಲ; ಎಲ್ಲರೂ ಏಕಕಾಲಕ್ಕೆ ಒಂದೇ ಭಂಗಿಯಲ್ಲಿ ಫೋಟೊಗೆ ಸಿಗಬೇಕು.

ಚಾಪೆಯ ಹತ್ತಿರ ಸುಳಿಯದವರೂ ಇದ್ದಾರೆ. ಶಿಡ್ಲಘಟ್ಟದ ರೀಲಿಂಗ್ ಘಟಕದಲ್ಲಿ ಬಿಸಿನೀರಿನ ಬೇಸಿನ್ ಮೇಲೆ ಬಾಗಿ ಗೂಡಿನ ಎಳೆ ಹುಡುಕುವ ಹೆಣ್ಣುಮಗಳು, ಚಿಂತಾಮಣಿಯ ಮಂಡಿಯಲ್ಲಿ ಟೊಮ್ಯಾಟೊ ಬಾಕ್ಸ್ ಲಾರಿಗೆ ಎತ್ತುವ ಹಮಾಲಿ, ಇವರ ಕೆಲಸದಲ್ಲೇ ದಿನವಿಡೀ ಪಾದಹಸ್ತಾಸನವಿದೆ. ಇವರಿಗೆ ಬೇಕಾದ್ದು ಸ್ವಲ್ಪ ಎತ್ತರದ ಬೇಸಿನ್ ಕಟ್ಟೆ, ಉಂಡ ಕೂಡಲೇ ಭಾರ ಎತ್ತಿಸದ ಮಾಲೀಕ, ಬಾಕ್ಸನ್ನು ಮೈಗೆ ಒತ್ತಿಹಿಡಿದು ಉಸಿರು ಬಿಡುತ್ತಾ ಎತ್ತುವ ಕಲೆ. ಆಹಾರ ನುಂಗಲು ಸಿಕ್ಕಿಕೊಳ್ಳತೊಡಗಿದರೆ, ಮಲ ಡಾಂಬರಿನಂತೆ ಕಪ್ಪಾದರೆ, ತಾನೇ ತೂಕ ಇಳಿದರೆ ಕೂಲಿ ಬಿಟ್ಟಾದರೂ ಎಂಡೋಸ್ಕೋಪಿಗೆ ಹೋಗಬೇಕೆಂಬುದನ್ನೂ ಯಾರಾದರೂ ಅವರಿಗೆ ಹೇಳಬೇಕು. ಸದ್ಯಕ್ಕೆ ಆ ಮೈಕಿನಲ್ಲಿ ಅದನ್ನು ಹೇಳುತ್ತಿಲ್ಲ.