ಕಬ್ಬಿಣದ ಬಳ್ಳಿ ಹಬ್ಬಿದ ಬೀದಿ

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿರುವ ಗೆಟ್ರೈಡೆಗಾಸೆ ಇಕ್ಕಟ್ಟಿನ ಬೀದಿ. ಬಂದವರ ಕಣ್ಣೆಲ್ಲ ಅಂಗಡಿಗಳ ಗಾಜಿನ ಮೇಲೆ. ಕತ್ತೆತ್ತಿ ನೋಡಬೇಕು! ಎತ್ತರದ ಮನೆಗಳ ಗೋಡೆಯಿಂದ ಕಮ್ಮಾರರ ಕೈಚಳಕ ಬೀದಿಗೆ ಚಾಚಿಕೊಂಡಿದೆ. ಕಾದ ಕಬ್ಬಿಣವನ್ನು ಬಡಿದು, ಬಗ್ಗಿಸಿ, ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿ, ತುದಿಯೆಲೆಗೆ ಹೊನ್ನಬಣ್ಣ ಹಚ್ಚಿದ ಫಲಕಗಳು. ಒಳಗೇನು ಸಿಗುತ್ತದೆಂದು ಓದು ಬಾರದವನಿಗೂ ಚಿತ್ರವೇ ಹೇಳುತ್ತಿದ್ದ ಕಾಲದ ಜಾಣತನವಿದು. ಮ್ಯಾಕ್‌ಡೊನಾಲ್ಡ್ಸ್ ಕೂಡ ಇಲ್ಲಿ ತನ್ನ ‘ಎಂ’ ಅಕ್ಷರವನ್ನು ಇಂಥದೇ ಹೂಬಳ್ಳಿಗೆ ನೇತುಹಾಕಿದೆ. ನನಗಂತೂ ಅದೂ ಚೆಂದವೇ. 9ನೇ ನಂಬರಿನ ಹಳದಿ ಮನೆಯಲ್ಲಿ 1756ರಲ್ಲಿ ಮೊಜಾರ್ಟ್ ಹುಟ್ಟಿದ್ದು. ಜಂಗುಳಿಯೂ ಅಲ್ಲೇ ಹೆಚ್ಚು. ಸಾಕೆನಿಸಿದರೆ ಮನೆಗಳ ಕೆಳಗೇ ಹಾಯುವ ಕಮಾನುದಾರಿಗೆ ನುಗ್ಗಿಬಿಡಿ. ನಾಲ್ಕು ಹೆಜ್ಜೆಗೆ ಗದ್ದಲ ಅಡಗುತ್ತದೆ. ತಣ್ಣನೆಯ ಅಂಗಳ, ಕಲ್ಲುಹಾಸಿನ ಮೇಲೆ ನಿಮ್ಮದೇ ಹೆಜ್ಜೆ ಸದ್ದು.