ಗೆಲಿಲಿಯೊ ಆಡದ ಮಾತು: ಒಂದು ಧ್ವನಿಮುದ್ರಿಕೆಯ ವಿಮರ್ಶೆ

ಚರಿತ್ರೆಯ ವಸ್ತುವನ್ನು ಎತ್ತಿಕೊಂಡ ಕಲಾಕೃತಿಯನ್ನು ಚರಿತ್ರೆಯ ಅಧ್ಯಾಪಕನೊಬ್ಬನು ವಿಮರ್ಶಿಸಲು ಹೊರಟಾಗ ಅವನಿಗೆ ಎರಡು ಅಪಾಯಗಳು ಎದುರಾಗುತ್ತವೆ. ಕಾಲ ದೇಶಗಳು ತಪ್ಪಿದ ಕಡೆಯಲ್ಲೆಲ್ಲ ಕೆಂಪು ಮಸಿಯ ಗೆರೆ ಎಳೆದು ಕೃತಿಯನ್ನು ಉತ್ತರಪತ್ರಿಕೆಯಂತೆ ಕಾಣುವುದು ಒಂದು. ಕಲೆಗೆ ಸ್ವಾತಂತ್ರ್ಯವುಂಟು ಎಂಬ ಮಾತಿನ ಮರೆಯಲ್ಲಿ ತನ್ನ ಶಾಸ್ತ್ರದ ಹೊಣೆಯನ್ನೇ ಕೆಳಗಿಳಿಸಿಬಿಡುವುದು ಇನ್ನೊಂದು. ಈ ಲೇಖಕನು ಮೊದಲನೆಯ ಅಪಾಯಕ್ಕೆ ಒಮ್ಮೆ ಸಿಕ್ಕಿಬಿದ್ದವನು. ಬಿ.ಎ. ತರಗತಿಯ ಒಂದು ಕಿರುಪರೀಕ್ಷೆಯಲ್ಲಿ, ಧರ್ಮಪೀಠದ ಮುಂದೆ ಮಂಡಿಯೂರಿ ಎದ್ದ ಗೆಲಿಲಿಯೊ ‘ಆದರೂ ಅದು ಚಲಿಸುತ್ತದೆ’ ಎಂದು ನುಡಿದನೆಂದು ಒಬ್ಬ ವಿದ್ಯಾರ್ಥಿ ಬರೆದಿದ್ದನು. ಆ ವಾಕ್ಯವನ್ನು ಹೊಡೆದುಹಾಕಿ, ‘ಆಧಾರವಿಲ್ಲ’ ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆನು. ಮರುದಿನ ಆತನು ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿ, “ಸರ್, ಹಾಗಾದರೆ ಇಷ್ಟು ದೊಡ್ಡ ಸಂಗೀತವೆಲ್ಲ ಒಂದು ಸುಳ್ಳಿನ ಮೇಲೆ ನಿಂತಿದೆಯೆ?” ಎಂದು ಕೇಳಿದನು. ಆ ದಿನ ತೃಪ್ತಿಕರವಾದ ಉತ್ತರ ಕೊಡಲು ನನ್ನಿಂದಾಗಲಿಲ್ಲ. ಈ ಪ್ರಬಂಧವು ಆ ಉತ್ತರವನ್ನು ಕೊಡುವ ಪ್ರಯತ್ನ.

ಆತನು ಕೇಳಿಸಿದ ಕೃತಿ ಜರ್ಮನಿಯ ಹ್ಯಾಗರ್ಡ್ ಎಂಬ ವಾದ್ಯಮೇಳವು ೨೦೦೪ರಲ್ಲಿ ಹೊರತಂದ ‘ಎಪ್ಪುರ್ ಸಿ ಮುವೊವೆ’. ಇಟಲಿಯ ಭಾಷೆಯ ಈ ಮೂರು ಪದಗಳ ಅರ್ಥವೇ ‘ಆದರೂ ಅದು ಚಲಿಸುತ್ತದೆ’ ಎಂಬುದು. ಕೃತಿಯು ಸಿಂಫೊನಿಕ್ ಮೆಟಲ್ ಎಂಬ ಪ್ರಕಾರಕ್ಕೆ ಸೇರಿದ್ದು. ಹೆವಿ ಮೆಟಲ್ ಸಂಗೀತದ ವಿದ್ಯುತ್ ಗಿಟಾರು, ಡ್ರಮ್ಮುಗಳ ಬಿರುಸಿಗೆ ಯೂರೋಪಿನ ಶಾಸ್ತ್ರೀಯ ವಾದ್ಯವೃಂದವನ್ನೂ ವೃಂದಗಾನವನ್ನೂ ಕೂಡಿಸುವುದು ಈ ಪ್ರಕಾರದ ಲಕ್ಷಣ. ಇಂಥ ಕೂಟದ ಪ್ರಯತ್ನಗಳು ಹಳೆಯವು. ೧೯೬೯ರಲ್ಲಿಯೇ ಡೀಪ್ ಪರ್ಪಲ್ ಮೇಳವು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಡನೆ ಕಚೇರಿ ನಡೆಸಿತು. ಆದರೆ ಅದು ಒಂದು ಪ್ರತ್ಯೇಕ ಪ್ರಕಾರವೆನಿಸಿಕೊಂಡದ್ದು ೧೯೯೦ರ ದಶಕದಲ್ಲಿ. ಸ್ವೀಡನ್ನಿನ ಥೆರಿಯನ್ ಮೇಳದ ‘ಥೇಲಿ’ (೧೯೯೬) ಈ ಬೆಳವಣಿಗೆಯ ಮುಖ್ಯ ಮೈಲಿಗಲ್ಲುಗಳಲ್ಲೊಂದು. ನೂರಾರು ವಾದಕರನ್ನು ಕೂಡಿಸುವ ಹಣ ಎಲ್ಲರಲ್ಲಿಯೂ ಇರಲಿಲ್ಲವಾದ ಕಾರಣ, ಪಿಟೀಲುಗಳ ಗುಂಪನ್ನೂ ಗಾಯಕವೃಂದವನ್ನೂ ಕೀಬೋರ್ಡಿನ ಕೃತಕ ನಾದದಿಂದ ತುಂಬಿಕೊಡುವುದು ರೂಢಿಯಾಯಿತು. ಫಿನ್ಲೆಂಡಿನ ಹೆಸರಾಂತ ನೈಟ್‌ವಿಶ್ ಮೇಳವು ಸಹ ನಿಜವಾದ ವಾದ್ಯವೃಂದವನ್ನು ಮೊದಲಿಗೆ ಬಳಸಿಕೊಂಡದ್ದು ೨೦೦೨ರ ‘ಸೆಂಚುರಿ ಚೈಲ್ಡ್’ ಕೃತಿಯಲ್ಲಿ.

ಹ್ಯಾಗರ್ಡ್ ಮೇಳದ ವಿಶೇಷವಿರುವುದು ಈ ಸಂದರ್ಭದಲ್ಲಿಯೇ. ಮ್ಯೂನಿಕ್ ನಗರದ ಈ ಮೇಳವು ಡೆತ್ ಮೆಟಲ್ ಎಂಬ ಅತ್ಯುಗ್ರ ಶೈಲಿಯಿಂದ ಹೊರಟು, ಸ್ಥಾಪಕನೂ ಸಂಯೋಜಕನೂ ಆದ ಅಸಿಸ್ ನಾಸ್ಸೆರಿಯ ನೇತೃತ್ವದಲ್ಲಿ, ಪಿಟೀಲು, ಚೆಲ್ಲೊ, ಕೊಳಲು, ಓಬೊ ಮುಂತಾದ ವಾದ್ಯಗಳನ್ನು ನುಡಿಸುವವರನ್ನೇ ತನ್ನ ಸದಸ್ಯರನ್ನಾಗಿ ಮಾಡಿಕೊಂಡಿತು. ಗಿಟಾರು ಕೀಬೋರ್ಡುಗಳು ಅಲ್ಲಿಯೂ ಉಂಟು. ಆದರೆ ಯಂತ್ರವು ಮನುಷ್ಯನ ಸ್ಥಾನವನ್ನು ಆಕ್ರಮಿಸುವುದಿಲ್ಲ. ಮೇಳದ ಇನ್ನೊಂದು ವಿಶೇಷ ಅದರ ಚರಿತ್ರೆಯ ಒಲವು. ೧೯೯೭ ಮತ್ತು ೨೦೦೦ರ ಎರಡು ಕೃತಿಗಳ ವಸ್ತು ಹದಿನಾರನೆಯ ಶತಮಾನದ ಭವಿಷ್ಯವಾದಿ ನಾಸ್ತ್ರದಾಮಸನ ಬಾಳು. ಭವಿಷ್ಯವಾದಿಯಿಂದ ವಿಜ್ಞಾನಿಯ ಕಡೆಗೆ ತಿರುಗಿದ ಮೂರನೆಯ ಕೃತಿಯೇ ನಮ್ಮ ವಿಮರ್ಶೆಯ ವಿಷಯ.

ಮೊದಲು ಆ ಮಾತಿನ ಚರಿತ್ರೆಯನ್ನು ನೋಡೋಣ. ಗೆಲಿಲಿಯೊ ತೀರಿಕೊಂಡದ್ದು ೧೬೪೨ರ ಜನವರಿ ೮ರಂದು. ಆತನ ಕೊನೆಯ ದಿನಗಳಲ್ಲಿ ಬಳಿಯಲ್ಲೇ ಇದ್ದ ಶಿಷ್ಯ ವಿವಿಯಾನಿ ೧೬೫೪ರಲ್ಲಿ ಗುರುವಿನ ಚರಿತ್ರೆಯನ್ನು ಬರೆದನು. ಅದರಲ್ಲಿ ಈ ಮಾತಿನ ಸುಳಿವೇ ಇಲ್ಲ. ಅಚ್ಚಿನಲ್ಲಿ ಇದು ಪ್ರಸಿದ್ಧಿಗೆ ಬಂದದ್ದು ೧೭೫೭ರಲ್ಲಿ, ಬರೆಟ್ಟಿ ಎಂಬ ಇಟಲಿಯ ಲೇಖಕನು ಲಂಡನ್ನಿನಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದಿಂದ. ಬಿಡುಗಡೆಯಾದ ಗಳಿಗೆಯಲ್ಲಿ ಗೆಲಿಲಿಯೊ ಆಕಾಶವನ್ನೂ ನೆಲವನ್ನೂ ನೋಡಿ, ಕಾಲಿನಿಂದ ನೆಲವನ್ನು ತಟ್ಟಿ ಹೀಗೆಂದನೆಂದು ಆತನು ಬಣ್ಣಿಸುತ್ತಾನೆ. ಘಟನೆಗೂ ಈ ವರ್ಣನೆಗೂ ನಡುವೆ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ. ಈ ಮಾತು ಬರೆದಿರುವ ಒಂದು ಹಳೆಯ ಚಿತ್ರಪಟವು ೧೯೧೧ರ ಸುಮಾರಿಗೆ ಬೆಳಕಿಗೆ ಬಂದಾಗ ಅದನ್ನು ಹದಿನೇಳನೆಯ ಶತಮಾನದ್ದೆಂದು ಹೇಳಲಾಯಿತು. ಆದರೆ ಆ ಪಟದ ಪ್ರಾಚೀನತೆಯನ್ನು ಇತ್ತೀಚಿನ ಸಂಶೋಧನೆ ಸಂಶಯಿಸಿದೆ. ಹೀಗಿರಲು, ಸಾಕ್ಷ್ಯವನ್ನು ನಂಬುವವನು ಈ ಮಾತನ್ನು ಗೆಲಿಲಿಯೊನ ಬಾಯಲ್ಲಿ ಇಡಲಾರನು.

ನಿಜವಾಗಿ ನಡೆದದ್ದೇನು? ಭೂಮಿಯ ಚಲನೆಯ ವಾದವನ್ನು ಎತ್ತಿಹಿಡಿಯಕೂಡದೆಂದು ೧೬೧೬ರಲ್ಲಿಯೇ ಗೆಲಿಲಿಯೊನಿಗೆ ಎಚ್ಚರಿಕೆ ಕೊಡಲಾಗಿತ್ತು. ೧೬೩೨ರಲ್ಲಿ ಆತನ ‘ಸಂವಾದ’ ಗ್ರಂಥ ಫ್ಲಾರೆನ್ಸಿನಲ್ಲಿ ಅಚ್ಚಾಯಿತು. ಮರುವರ್ಷ ರೋಮಿಗೆ ಕರೆಸಿದರು. ೧೬೩೩ರ ಜೂನ್ ೨೨ರಂದು, ಮಿನರ್ವ ಮಠದ ಸಭಾಂಗಣದಲ್ಲಿ, ಅರುವತ್ತೊಂಬತ್ತು ವರ್ಷದ ಆ ವೃದ್ಧನು ಮಂಡಿಯೂರಿ, ತನ್ನ ಮತವನ್ನು ತ್ಯಜಿಸಿರುವುದಾಗಿಯೂ ಅದನ್ನು ಹೇಸುವುದಾಗಿಯೂ ಹೇಳುವ ಶಪಥಪತ್ರವನ್ನು ಓದಿದನು. ಹತ್ತು ಮಂದಿ ಕಾರ್ಡಿನಲರಲ್ಲಿ ಮೂವರ ಸಹಿ ತೀರ್ಪಿನ ಮೇಲಿಲ್ಲ. ಸೆರೆಮನೆಯ ಶಿಕ್ಷೆಯು ಗೃಹಬಂಧನವಾಗಿ ಬದಲಾಯಿತು. ಉಳಿದ ಆಯುಷ್ಯದ ಬಹುಭಾಗವನ್ನು ಆತನು ಫ್ಲಾರೆನ್ಸಿನ ಬಳಿಯ ಆರ್ಚೆಟ್ರಿಯಲ್ಲಿ ಕಳೆದನು. ೧೬೩೪ರಲ್ಲಿ ಪ್ರೀತಿಯ ಮಗಳು ತೀರಿಕೊಂಡಳು; ಕಣ್ಣುಗಳು ಕುರುಡಾದವು; ೧೬೩೮ರಲ್ಲಿ, ದೂರದ ಲೈಡನ್ನಿನಲ್ಲಿ, ಚಲನಶಾಸ್ತ್ರದ ಮಹಾಗ್ರಂಥ ಹೊರಬಂದಿತು. ಆ ದಿನ ಆ ಸಭಾಂಗಣದಲ್ಲಿ ಕೇಳಿದ್ದು ಧಿಕ್ಕಾರದ ಧ್ವನಿಯಲ್ಲ, ಸೋತ ಮನುಷ್ಯನೊಬ್ಬನು ಪರರು ಬರೆದುಕೊಟ್ಟುದನ್ನು ಓದುವ ಧ್ವನಿ. ಆತನ ನಿಜವಾದ ಉತ್ತರ ಬಂದದ್ದು ಐದು ವರ್ಷಗಳ ಮೇಲೆ, ಪುಸ್ತಕರೂಪದಲ್ಲಿ.

ಈಗ ಕೃತಿಯ ಕಡೆಗೆ ತಿರುಗೋಣ. ‘ಆದಿಯಲ್ಲಿ ಮರಣ’ ಎಂಬ ಅರ್ಥದ ಇಟಲಿಯ ಹೆಸರುಳ್ಳ ಗೀತೆಯಿಂದ ಆರಂಭವಾಗಿ, ದೀರ್ಘವಾದ ಗೀತೆಗಳ ನಡುನಡುವೆ ಚಿಕ್ಕ ವಾದ್ಯಕೃತಿಗಳನ್ನು ಇಟ್ಟು, ಎಂಟನೆಯದಾದ ಶೀರ್ಷಿಕೆಯ ಗೀತೆಯಲ್ಲಿ ಅದು ಶಿಖರವನ್ನು ಮುಟ್ಟುತ್ತದೆ. ಉಚ್ಚಸ್ಥಾಯಿಯ ಸ್ತ್ರೀಕಂಠ, ಗಂಟಲಾಳದಿಂದ ಹೊಮ್ಮುವ ಗರ್ಜನೆ, ವೃಂದಗಾನ, ತಂತಿವಾದ್ಯಗಳು, ಗಿಟಾರು ಇವೆಲ್ಲ ಒಂದರ ಮೇಲೊಂದು ಪದರವಾಗಿ ಏಳುವಾಗ ಕೇಳುಗನ ಮೈ ಜುಮ್ಮೆನ್ನುವುದು ಸಹಜ. ಆದರೆ ನನ್ನ ಮುಖ್ಯ ಆಕ್ಷೇಪಣೆಯೂ ಇಲ್ಲಿಯೇ. ಈ ಪ್ರಕಾರದ ಸಂಗೀತಕ್ಕೆ ಸೋಲನ್ನು ಹೇಳುವ ಭಾಷೆ ದುರ್ಲಭ. ಅದು ಎಲ್ಲವನ್ನೂ ದೊಡ್ಡದು ಮಾಡುತ್ತದೆ. ದುಃಖವು ಭವ್ಯ ದುಃಖವಾಗುತ್ತದೆ, ಒಂಟಿತನವು ವೀರನ ಒಂಟಿತನವಾಗುತ್ತದೆ. ಮಂಡಿಯೂರಿದವನ ಅವಮಾನ ಮಾತ್ರ ಎಷ್ಟು ವಾದ್ಯ ಕೂಡಿದರೂ ದೊಡ್ಡದಾಗಲಾರದು; ಅದು ಚಿಕ್ಕದಾಗಿಯೇ ಇದ್ದರೆ ಮಾತ್ರ ಸತ್ಯ. ಆದುದರಿಂದ, ಮೇಳವು ಆಡದ ಮಾತನ್ನು ಹೆಸರಾಗಿ ಆರಿಸಿಕೊಂಡದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ. ಈ ಸಂಗೀತಕ್ಕೆ ಧಿಕ್ಕಾರದ ಗೆಲಿಲಿಯೊ ಬೇಕಾಗಿದ್ದನು. ಪತ್ರವನ್ನು ಓದಿದ ಗೆಲಿಲಿಯೊ ಅದರ ಅಳತೆಗೆ ಒಗ್ಗುತ್ತಿರಲಿಲ್ಲ.

ಕಾಲದ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು. ಕೃತಿಯಲ್ಲಿ ಒಂದು ಮಿನುಯೆಟ್ ನೃತ್ಯವೂ ಒಂದು ಗವೋಟ್ ನೃತ್ಯವೂ ಇವೆ. ಗವೋಟಿನ ವಿವರಣೆ ೧೫೮೯ರ ಫ್ರೆಂಚ್ ನೃತ್ಯಗ್ರಂಥದಲ್ಲಿಯೇ ದೊರೆಯುವುದರಿಂದ ಅದು ಗೆಲಿಲಿಯೊನ ಕಾಲಕ್ಕೆ ಸಲ್ಲುತ್ತದೆ. ಮಿನುಯೆಟ್ ಮಾತ್ರ ಹದಿನಾಲ್ಕನೆಯ ಲೂಯಿಯ ಆಸ್ಥಾನದಲ್ಲಿ, ೧೬೬೦ರ ದಶಕದಲ್ಲಿ ಹಬ್ಬಿದ್ದು. ಆಗ ಗೆಲಿಲಿಯೊ ತೀರಿಕೊಂಡು ಇಪ್ಪತ್ತು ವರ್ಷಗಳಾಗಿದ್ದವು. ಇದನ್ನು ದೊಡ್ಡ ದೋಷವೆಂದು ಎಣಿಸಬೇಕಾಗಿಲ್ಲ. ಆದರೆ ‘ಹಳೆಯ ಯೂರೋಪು’ ಎಂಬ ಒಂದೇ ಬಣ್ಣವನ್ನು ಎಲ್ಲ ಶತಮಾನಗಳಿಗೂ ಬಳಿಯುವ ಪ್ರವೃತ್ತಿ ಇದರಲ್ಲಿ ಕಾಣುತ್ತದೆ.

ಇದಕ್ಕಿಂತ ಗಹನವಾದ ವಿಚಾರವೊಂದುಂಟು. ಸಂಗೀತವು ಗೆಲಿಲಿಯೊನಿಗೆ ಹೊರಗಿನ ಅಲಂಕಾರವಾಗಿರಲಿಲ್ಲ. ಅದು ಅವನ ಮನೆತನದ ವೃತ್ತಿ. ತಂದೆ ವಿಂಚೆಂಜೊ ಗೆಲಿಲೇಯಿ ಲ್ಯೂಟ್ ವಾದಕ ಮತ್ತು ಶಾಸ್ತ್ರಜ್ಞ. ೧೫೮೧ರಲ್ಲಿ ಆತನು ಪ್ರಾಚೀನ ಮತ್ತು ನವೀನ ಸಂಗೀತಗಳನ್ನು ಕುರಿತು ಒಂದು ‘ಸಂವಾದ’ವನ್ನು ಪ್ರಕಟಿಸಿದನು, ಅರ್ಧ ಶತಮಾನದ ಮೇಲೆ ಮಗನು ತನ್ನ ಗ್ರಂಥಕ್ಕೂ ಸಂವಾದದ ರೂಪವನ್ನೇ ಕೊಟ್ಟನು. ಅನೇಕ ಕಂಠಗಳು ಬೇರೆಬೇರೆ ದಾರಿ ಹಿಡಿದು ಹೆಣೆದುಕೊಳ್ಳುವ ಸಂಗೀತವು ಮಾತಿನ ಅರ್ಥವನ್ನು ಕೆಡಿಸುತ್ತದೆಂದೂ, ಒಂದೇ ಕಂಠವು ಸ್ಫುಟವಾಗಿ ಹಾಡಿದರೆ ಭಾವವು ಮುಟ್ಟುತ್ತದೆಂದೂ ತಂದೆಯ ಸಿದ್ಧಾಂತ. ತಂತಿಗೆ ಭಾರ ಕಟ್ಟಿ ಪರೀಕ್ಷಿಸಿ, ನಾದವು ಒಂದು ಸ್ಥಾಯಿ ಮೇಲೇರಬೇಕಾದರೆ ಎರಡರಷ್ಟಲ್ಲ, ನಾಲ್ಕರಷ್ಟು ಭಾರ ಬೇಕೆಂದು ಕಂಡುಕೊಂಡವನೂ ಅವನೇ. ಗ್ರಂಥದ ಮಾತಿಗಿಂತ ಪರೀಕ್ಷೆಯ ಮಾತು ದೊಡ್ಡದೆಂಬ ಪಾಠವನ್ನು ಮಗನು ಮನೆಯಲ್ಲಿಯೇ ಕಲಿತಿರಬೇಕೆಂದು ವಿದ್ವಾಂಸರು ಊಹಿಸಿರುವುದು ಅಕಾರಣವಲ್ಲ. ಗೆಲಿಲಿಯೊನ ತಮ್ಮ ಮಿಕೆಲಾಂಜೆಲೊ ಸಹ ಲ್ಯೂಟ್ ವಾದಕನೇ. ಆತನು ಬವೇರಿಯದ ಆಸ್ಥಾನದಲ್ಲಿ ನೆಲೆಸಿ, ೧೬೨೦ರಲ್ಲಿ ತನ್ನ ಸಂಗೀತಕೃತಿಗಳನ್ನು ಅಚ್ಚುಹಾಕಿಸಿ, ೧೬೩೧ರಲ್ಲಿ ತೀರಿಕೊಂಡ ನಗರ ಮ್ಯೂನಿಕ್. ಅಂದರೆ ಗೆಲಿಲಿಯೊನ ಮನೆಯ ಸಂಗೀತವು ಹ್ಯಾಗರ್ಡ್ ಮೇಳದ ಊರಿಗೆ ನಾನೂರು ವರ್ಷಗಳ ಹಿಂದೆಯೇ ಬಂದಿತ್ತು!

ತಂದೆಯ ಅಳತೆಗೋಲನ್ನು ಈ ಕೃತಿಗೆ ಹಿಡಿದರೆ ಏನಾಗುತ್ತದೆ? ವಿಂಚೆಂಜೊ ಯಾವುದನ್ನು ಆಕ್ಷೇಪಿಸಿದನೊ ಅದೇ ಇದರ ಜೀವಾಳ. ಕಂಠಗಳು ಹೆಣೆದುಕೊಳ್ಳುತ್ತವೆ, ಇಂಗ್ಲಿಷ್, ಜರ್ಮನ್, ಇಟಾಲಿಯನ್, ಲ್ಯಾಟಿನ್ ಭಾಷೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಗರ್ಜನೆಯಲ್ಲಂತೂ, ಅಚ್ಚಾದ ಸಾಹಿತ್ಯವನ್ನು ಕೈಯಲ್ಲಿ ಹಿಡಿಯದೆ ಪದಗಳು ತಿಳಿಯುವುದಿಲ್ಲ. ಗೆಲಿಲಿಯೊ ತನ್ನ ‘ಸಂವಾದ’ವನ್ನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ಜನರ ಭಾಷೆಯಾದ ಇಟಾಲಿಯನ್ನಿನಲ್ಲಿ ಬರೆದನೆಂಬುದನ್ನು ಇಲ್ಲಿ ನೆನೆಯಬೇಕು. ಅವನ ಅಪರಾಧದ ಒಂದು ಭಾಗವೇ ಎಲ್ಲರಿಗೂ ಅರ್ಥವಾಗುವಂತೆ ಹೇಳಿದುದು. ಅಂಥವನನ್ನು ಕುರಿತ ಕೃತಿಯು ಅರ್ಥವಾಗದಿರುವುದನ್ನೇ ಘನತೆಯೆಂದು ಭಾವಿಸಿದರೆ, ಅದು ನಾಯಕನ ಪಕ್ಷವನ್ನು ಬಿಟ್ಟು ಪ್ರತಿಪಕ್ಷದ ವೇಷವನ್ನು ತೊಟ್ಟಂತಾಗುತ್ತದೆ.

ಇಷ್ಟಾದರೂ ಕೃತಿಯನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಅದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಮಧ್ಯಭಾಗದಲ್ಲಿ ಬರುವ ‘ಹೆರ್ ಮನ್ನೆಲಿಗ್’ ಎಂಬ ಸ್ವೀಡನ್ನಿನ ಜನಪದ ಲಾವಣಿ. ಬೆಟ್ಟದ ದೈತ್ಯಸ್ತ್ರೀಯೊಬ್ಬಳು ಅಮೂಲ್ಯವಾದ ಉಡುಗೊರೆಗಳನ್ನು ಒಡ್ಡಿ ತನ್ನನ್ನು ಮದುವೆಯಾಗೆಂದು ತರುಣ ವೀರನನ್ನು ಬೇಡುತ್ತಾಳೆ. ಆಕೆ ಕ್ರೈಸ್ತಳಲ್ಲವೆಂಬ ಕಾರಣದಿಂದ ಆತನು ನಿರಾಕರಿಸುತ್ತಾನೆ. ಮೇಳವು ಇದನ್ನು ಇಟಲಿಯ ಭಾಷೆಯಲ್ಲಿ ಹಾಡುತ್ತದೆ. ಮೊದಲ ಸಲ ಕೇಳಿದಾಗ ಗೆಲಿಲಿಯೊನ ಕಥೆಯಲ್ಲಿ ಇದಕ್ಕೆ ಎಡೆಯಿಲ್ಲವೆಂದೇ ತೋರಿತು. ಮತ್ತೆಮತ್ತೆ ಕೇಳಿದ ಮೇಲೆ ಹೊಳೆದುದು ಬೇರೆ. ಕೊಡುಗೆ ಎಷ್ಟೇ ದೊಡ್ಡದಿರಲಿ, ಕೊಡುವವರು ಮತದ ಗೆರೆಯ ಆಚೆಗಿದ್ದರೆ ಅದನ್ನು ಸ್ವೀಕರಿಸಲಾರೆವೆಂಬ ಲಾವಣಿಯ ತೀರ್ಮಾನವೇ ರೋಮಿನ ತೀರ್ಮಾನವೂ ಆಗಿತ್ತಲ್ಲವೆ? ವಾದದಿಂದ ಹೇಳಲಾಗದ್ದನ್ನು ಈ ಲಾವಣಿಯು ಪಕ್ಕದಲ್ಲಿ ನಿಂತು ಮೆಲ್ಲನೆ ಹೇಳುತ್ತದೆ. ಕೃತಿಯ ಅತ್ಯುತ್ತಮ ಭಾಗವಿದು.

ಎರಡನೆಯದು, ಶೀರ್ಷಿಕೆಯ ಗೀತೆಯ ಅನಂತರ ಬರುವ ಕಿರಿದಾದ ಉಪಸಂಹಾರ. ವಿಳಂಬಗತಿಯ ಈ ವಾದ್ಯಕೃತಿಯಲ್ಲಿ ಗರ್ಜನೆಯಿಲ್ಲ, ಆರ್ಭಟವಿಲ್ಲ. ಅಷ್ಟು ಹೊತ್ತು ಮೊಳಗಿದ ಧಿಕ್ಕಾರದ ಮೇಲೆ ಈ ಮೌನಪ್ರಾಯವಾದ ನಾದ ಬಂದಾಗ ಆರ್ಚೆಟ್ರಿಯ ಮನೆ, ಕುರುಡನಾದ ವೃದ್ಧ, ಮಗಳಿಲ್ಲದ ಸಂಜೆ ಇವು ಕಣ್ಣಮುಂದೆ ನಿಲ್ಲುತ್ತವೆ. ಶೀರ್ಷಿಕೆಯು ಮುಚ್ಚಿಟ್ಟ ಸೋಲನ್ನು ಈ ಕೆಲವೇ ನಿಮಿಷಗಳು ಒಪ್ಪಿಕೊಂಡುಬಿಡುತ್ತವೆ. ಆ ನಾದದ ಪಾಲು ಇನ್ನಷ್ಟು ಹೆಚ್ಚಾಗಿದ್ದಿದ್ದರೆ ಕೃತಿಯು ಇನ್ನೂ ದೊಡ್ಡದಾಗುತ್ತಿತ್ತು.

ಇನ್ನು ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ‘ಆದರೂ ಅದು ಚಲಿಸುತ್ತದೆ’ ಎಂಬುದು ೧೬೩೩ಕ್ಕೆ ಸಾಕ್ಷ್ಯವಲ್ಲ. ಆದರೆ ಅದು ೧೭೫೭ಕ್ಕೆ ಸಾಕ್ಷ್ಯ, ೨೦೦೪ಕ್ಕೂ ಸಾಕ್ಷ್ಯ. ಸತ್ಯವನ್ನು ಕಂಡವನು ಮಂಡಿಯೂರಿದನೆಂಬುದನ್ನು ಸಹಿಸಲಾರದ ಮುಂದಿನ ತಲೆಮಾರುಗಳು ಅವನಿಗಾಗಿ ಆಡಿದ ಮಾತು ಅದು. ೧೯೯೨ರ ಅಕ್ಟೋಬರ್ ೩೧ರಂದು ಎರಡನೆಯ ಜಾನ್ ಪಾಲ್ ಪೋಪರು ಗೆಲಿಲಿಯೊನ ವಿಷಯದಲ್ಲಿ ಅಂದಿನ ಧರ್ಮಶಾಸ್ತ್ರಜ್ಞರು ತಪ್ಪಿದರೆಂದು ಒಪ್ಪಿಕೊಂಡಾಗ, ಆ ತಲೆಮಾರುಗಳ ಮಾತಿಗೇ ಒಂದು ಬಗೆಯ ಉತ್ತರ ದೊರೆಯಿತೆನ್ನಬಹುದು. ಸಂಗೀತವು ಸುಳ್ಳಿನ ಮೇಲೆ ನಿಂತಿಲ್ಲ, ಒಂದು ಹಂಬಲದ ಮೇಲೆ ನಿಂತಿದೆ. ಹಂಬಲವನ್ನು ಘಟನೆಯೆಂದು ತಿಳಿಯದಿರುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ. ಹಂಬಲಕ್ಕೂ ಒಂದು ಚರಿತ್ರೆಯುಂಟೆಂದು ಕಾಣುವುದು ಅವನ ಅಧ್ಯಾಪಕನ ಕರ್ತವ್ಯ. ಈ ಎರಡನೆಯದರಲ್ಲಿ ನಾನು ಅಂದು ತಪ್ಪಿದ್ದೆನು. ಆ ಉತ್ತರಕ್ಕೆ ಕೊಟ್ಟ ಅಂಕವನ್ನು ನಾನು ಬದಲಾಯಿಸಿಲ್ಲ. ಆದರೆ ಮುಂದಿನ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಬದಲಾಯಿಸಿದೆನು. ಗೆಲಿಲಿಯೊ ಏನೆಂದನು ಎಂದು ಕೇಳಲಿಲ್ಲ. ಆ ಮಾತನ್ನು ಅವನ ಬಾಯಲ್ಲಿ ಇಟ್ಟವರು ಯಾರು, ಏತಕ್ಕಾಗಿ, ಎಂದು ಕೇಳಿದೆನು.